ಜಯನಗರದಿಂದ ಕದ್ರಿಗೆ: ವಿಮಾನವೋ, ರಾತ್ರಿ ಬಸ್ಸೋ, ಹಗಲು ರೈಲೋ?

ಮಂಗಳೂರಿಗೆ ಫ್ಲೈಟ್‌ನಲ್ಲಿ ಬರೀ ಒಂದು ಗಂಟೆ ಅಲ್ವಾ, ಸುಮ್ನೆ ಯಾಕೆ ಬಸ್ಸಲ್ಲಿ ಹೋಗ್ತೀರಿ ಅಂತ ಆಫೀಸಿನಲ್ಲಿ ಕೇಳುತ್ತಲೇ ಇರುತ್ತಾರೆ. ನನ್ನ ಮನೆ ಬೆಂಗಳೂರಿನ ಜಯನಗರ 4ನೇ ಬ್ಲಾಕ್, ಅಮ್ಮನ ಮನೆ ಮಂಗಳೂರಿನ ಕದ್ರಿ. ಮೂರೂ ದಾರಿಯಲ್ಲಿ ಹೋಗಿ, ನಾನು ಬೀಗ ಹಾಕಿದ ಹೊತ್ತು, ಅಮ್ಮ ಬಾಗಿಲು ತೆಗೆದ ಹೊತ್ತು ಬರೆದಿಟ್ಟುಕೊಂಡೆ.

ಮೊದಲು ವಿಮಾನ. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಮಂಗಳೂರಿನ ನಿಲ್ದಾಣವಿರುವ ಬಜ್ಪೆಗೆ ನೇರ ಗೆರೆ ಎಳೆದರೆ 300 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ, ಊರಿಂದ ಊರಿಗೆ ರಸ್ತೆಯಲ್ಲಾದರೆ ಸುಮಾರು 350. ಇಷ್ಟು ಹತ್ತಿರಕ್ಕೆ ಹಾರುವಾಗ ಮೇಲೇರುವುದು, ಇಳಿಯುವುದರಲ್ಲೇ ಹೆಚ್ಚು ಹೊತ್ತು ಕಳೆಯುತ್ತದೆ. ಹಾಗಾಗಿ ಗಂಟೆಗೆ 800 ಕಿ.ಮೀ. ವೇಗದ ಜೆಟ್‌ಗೂ 500ರ ಆಸುಪಾಸಿನ, ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಚಿಕ್ಕ ಎಟಿಆರ್ ವಿಮಾನಕ್ಕೂ ಅಂಥಾ ವ್ಯತ್ಯಾಸ ಕಾಣಲಿಲ್ಲ, ಎರಡರಲ್ಲೂ ಕೂತಿದ್ದೇನೆ. ಹೊತ್ತು ಹೋಗುವುದು ನೆಲದ ಮೇಲೆ. ಬೆಳಗ್ಗೆ 5ಕ್ಕೆ ಮನೆ ಬಿಟ್ಟು, ವಾಯುವಜ್ರ ಬಸ್ಸು ಹಿಡಿದು, ತಪಾಸಣೆ ಮುಗಿಸಿ, 8ರ ವಿಮಾನ ಹತ್ತಿ, ಬಜ್ಪೆಯಿಂದ ಟ್ಯಾಕ್ಸಿ ಹಿಡಿದು ಕದ್ರಿ ಸೇರಿದಾಗ 10:15. ಅಂದರೆ ಐದೂಕಾಲು ಗಂಟೆ. ಇನ್ನೊಮ್ಮೆ ಸಂಜೆಯ ವಿಮಾನಕ್ಕೆ ಹೊರಟು ಹೆಬ್ಬಾಳದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡೆ, ಅವತ್ತು ಒಟ್ಟು ಆರೂಮುಕ್ಕಾಲು ಗಂಟೆ ಆಯಿತು.

ರಾತ್ರಿ ಬಸ್ಸು ಇದಕ್ಕಿಂತ ನಿಧಾನ, ಒಪ್ಪುತ್ತೇನೆ. 9:30ಕ್ಕೆ ಮನೆ ಬಿಟ್ಟು ಮೆಜೆಸ್ಟಿಕ್‌ನಲ್ಲಿ ಹತ್ತಿದರೆ ಬೆಳಗ್ಗೆ 6:45ಕ್ಕೆ ಅಮ್ಮನ ಕೈಯ ಕಾಫಿ. ಒಂಬತ್ತೂಕಾಲು ಗಂಟೆ, ಆದರೆ ಅದರಲ್ಲಿ ಐದು ಗಂಟೆ ನಿದ್ದೆ. ರಜೆ ಹಾಕಬೇಕಿಲ್ಲ, ಬಿಜೈ ಬಸ್ ಸ್ಟ್ಯಾಂಡಿನಿಂದ ಮನೆಯೂ ಹತ್ತಿರ. ಶಿರಾಡಿ ಘಾಟಿಯ ತಿರುವುಗಳಲ್ಲಿ ಮಾತ್ರ ಎಚ್ಚರವಾಗಿಯೇ ಆಗುತ್ತದೆ. ವಾಂತಿ ಬರುವವರು ಹಿಂದಿನ ಸೀಟು ತಗೋಬೇಡಿ.

ಹಗಲು ರೈಲು ಬಾಗಿಲಿಂದ ಬಾಗಿಲಿಗೆ ಹತ್ತಿರಹತ್ತಿರ 12 ಗಂಟೆ ತಿಂದಿತು. ಅವಸರ ಇದ್ದವರಿಗೆ ಅಲ್ಲ. ಆದರೆ ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ಇದೆಯಲ್ಲ, ಅದಕ್ಕಾಗಿಯೇ ಹೋಗಬೇಕು. 57 ಸುರಂಗ. 50 ಮೀಟರ್ ಹೋದರೆ 1 ಮೀಟರ್ ಇಳಿಯುವಷ್ಟು ಕಡಿದು, ಅದಕ್ಕೇ ರೈಲು 30 ಕಿ.ಮೀ. ವೇಗದಲ್ಲಿ ತೆವಳುತ್ತದೆ. 2021ರಿಂದ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಯೂ ಇದೆ, ದುಡ್ಡು ಜಾಸ್ತಿಯಾದರೂ ನನಗೆ ಬೇಜಾರಾಗಲಿಲ್ಲ.

ಅಮ್ಮನಿಗೆ ಹುಷಾರಿಲ್ಲ ಅಂತ ಫೋನ್ ಬಂದರೆ ನಾನು ಎರಡನೇ ಯೋಚನೆ ಮಾಡದೆ ವಿಮಾನ ಹತ್ತುತ್ತೇನೆ. ಉಳಿದಂತೆ ಶುಕ್ರವಾರ ರಾತ್ರಿಯ ಬಸ್ಸೇ ನನ್ನ ಆಯ್ಕೆ. ಜೋರು ಮಳೆಗಾಲದಲ್ಲಿ ಮಾತ್ರ ಲೆಕ್ಕ ಬದಲಾಗುತ್ತದೆ. 2024ರ ಜುಲೈನಲ್ಲಿ ಗುಡ್ಡ ಕುಸಿದು ಘಾಟಿಯಲ್ಲಿ ರಸ್ತೆಯೂ ನಿಂತಿತು, ರೈಲೂ ನಿಂತಿತು. ಆ ತಿಂಗಳಲ್ಲಿ ಹೊರಡುವವರು ಬೆಳಗ್ಗಿನ ವಿಮಾನವನ್ನೇ ಬುಕ್ ಮಾಡಿ.