ಪ್ರಿವಾಕ್ಸಿ: ಉಡುಪಿಯ ಒಂದು ಸಣ್ಣ ಕಚೇರಿಯಲ್ಲಿ ವರ್ಷಗಳ ಬಳಕೆಯ ನಂತರ

ಐಪಿ ವಿಳಾಸವನ್ನು, ಅಂದರೆ ಅಂತರಜಾಲದಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆಯನ್ನು, ಮರೆಮಾಡಬೇಕೆಂದು ಪ್ರಿವಾಕ್ಸಿ ಎಂಬ ಪ್ರಾಕ್ಸಿ (ಮಧ್ಯವರ್ತಿ) ತಂತ್ರಾಂಶವನ್ನು ಹಾಕಿಕೊಳ್ಳಲು ಹೊರಟವರು ಇಲ್ಲಿಯೇ ನಿಲ್ಲುವುದು ಒಳ್ಳೆಯದು. ಅದು ಆ ಕೆಲಸ ಮಾಡುವುದಿಲ್ಲ. ಬ್ರೌಸರಿಗೂ ಅಂತರಜಾಲಕ್ಕೂ ನಡುವೆ ಕುಳಿತು, ಜಾಹೀರಾತು ಮತ್ತು ಟ್ರ್ಯಾಕಿಂಗ್ ಸರ್ವರುಗಳ ಹೆಸರು ಕಂಡೊಡನೆ ಸಂಪರ್ಕವನ್ನೇ ನಿರಾಕರಿಸುತ್ತದೆ. ಕಲ್ಸಂಕದ ಬಳಿ ಇರುವ ನಮ್ಮ ತೆರಿಗೆ ಸಲಹಾ ಕಚೇರಿಯಲ್ಲಿ ಅದನ್ನು ಇಷ್ಟು ವರ್ಷ ಉಳಿಸಿಕೊಂಡಿರುವುದು ಈ ಒಂದು ಕೆಲಸಕ್ಕಾಗಿ. ದೂರುಗಳೂ ಇವೆ.

ಇಂಟರ್ನೆಟ್ ಜಂಕ್‌ಬಸ್ಟರ್ ಎಂಬ ಹಳೆಯ ತಂತ್ರಾಂಶದಿಂದ ಕವಲೊಡೆದು ಬಂದದ್ದು ಇದು. ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯದ್ದು, ಹಣ ಕೊಡಬೇಕಾಗಿಲ್ಲ. ಖಾತೆ, ಇಮೇಲ್, ಒಟಿಪಿ ಯಾವುದನ್ನೂ ಕೇಳುವುದಿಲ್ಲ. ನಮ್ಮಲ್ಲಿ ಬೇರೆ ಯಾವ ಕೆಲಸಕ್ಕೂ ಬಾರದ ಹಳೆಯ ಕಂಪ್ಯೂಟರಿಗೆ ಡೆಬಿಯನ್ ಲಿನಕ್ಸ್ ಹಾಕಿ, ಅದರಲ್ಲಿ ಪ್ರಿವಾಕ್ಸಿ ಓಡಿಸುತ್ತಿದ್ದೇವೆ. ಮೊದಲಿಗೆ ಅದು ತನ್ನದೇ ಯಂತ್ರದ 127.0.0.1 ವಿಳಾಸದ 8118ನೇ ಪೋರ್ಟಿನಲ್ಲಿ ಮಾತ್ರ ಕಿವಿಗೊಡುತ್ತದೆ. ಇಡೀ ಕಚೇರಿಗೆ ಬೇಕೆಂದರೆ ಒಳಜಾಲದ ವಿಳಾಸವನ್ನು ಬರೆದುಕೊಡಬೇಕು. ಹೊರಜಗತ್ತಿಗೆ ಮಾತ್ರ ಆ ಬಾಗಿಲನ್ನು ತೆರೆಯಬೇಡಿ. ಅಪರಿಚಿತರು ನಿಮ್ಮ ಸಂಪರ್ಕದ ಮೂಲಕ ಏನು ಮಾಡಿದರೂ ವಿಳಾಸ ನಿಮ್ಮದೇ ಕಾಣುತ್ತದೆ. ಪುಟಗಳನ್ನು ಸಂಗ್ರಹಿಸಿಟ್ಟು ವೇಗ ಹೆಚ್ಚಿಸುವುದು ಸ್ಕ್ವಿಡ್‌ನಂಥ ಪ್ರಾಕ್ಸಿಗಳ ಕೆಲಸ, ಇದರದ್ದಲ್ಲ. ಆದರೂ ಜಾಹೀರಾತುಗಳು ಇಳಿಯದೇ ಇರುವುದರಿಂದ ಸುದ್ದಿತಾಣಗಳು ಬೇಗ ತೆರೆದುಕೊಳ್ಳುತ್ತವೆ.

ಇದರ ನಿಜವಾದ ಮಿತಿ ಎಚ್‌ಟಿಟಿಪಿಎಸ್, ಅಂದರೆ ಬ್ರೌಸರಿಗೂ ತಾಣಕ್ಕೂ ನಡುವಿನ ಮಾತನ್ನು ಗೂಢಲಿಪಿಯಲ್ಲಿ ಮುಚ್ಚಿ ಕಳಿಸುವ ವಿಧಾನ. ಒಂದು ಕಾಲದಲ್ಲಿ ಪ್ರಿವಾಕ್ಸಿ ಪುಟದ ಒಳಗೇ ಕೈಹಾಕುತ್ತಿತ್ತು: ಕುಕಿಗಳನ್ನು ಕಿತ್ತುಹಾಕುವುದು, ನೀವು ಯಾವ ಪುಟದಿಂದ ಬಂದಿರಿ ಎಂದು ಹೇಳುವ ರೆಫರರ್ ಸಾಲನ್ನು ಅಳಿಸುವುದು, ಕುಣಿಯುವ ಜಿಫ್ ಚಿತ್ರಗಳನ್ನು ಸ್ತಬ್ಧಗೊಳಿಸುವುದು. ಈಗ ಹೆಚ್ಚುಕಡಿಮೆ ಎಲ್ಲ ತಾಣಗಳೂ ಗೂಢಲಿಪೀಕರಣಗೊಂಡಿವೆ. ಸಂತೆಕಟ್ಟೆಯಲ್ಲಿ ಇಳಿದವರು ಮುಂದೆ ಯಾರ ಮನೆಗೆ ಹೋದರು ಎಂಬುದು ಬಸ್ಸಿನ ಕಂಡಕ್ಟರಿಗೆ ಗೊತ್ತಾಗುವುದಿಲ್ಲ. ಪ್ರಿವಾಕ್ಸಿಯ ಸ್ಥಿತಿಯೂ ಅದೇ. ಬ್ರೌಸರ್ ಯಾವ ತಾಣದೊಂದಿಗೆ ಮಾತಾಡಬೇಕು ಎಂಬ ಹೆಸರು ಅದಕ್ಕೆ ಸಿಗುತ್ತದೆ, ಮಾತು ಸಿಗುವುದಿಲ್ಲ. ಆದ್ದರಿಂದ ಬೇರೆ ಹೆಸರಿನ ಸರ್ವರಿನಿಂದ ಬರುವ ಟ್ರ್ಯಾಕರ್ ಬಾಗಿಲಲ್ಲೇ ನಿಲ್ಲುತ್ತದೆ. ತಾಣವೊಂದು ತನ್ನದೇ ಹೆಸರಿನಲ್ಲಿ ಕೊಡುವ ಜಾಹೀರಾತು ರಾಜಾರೋಷವಾಗಿ ಒಳಬರುತ್ತದೆ. ಯೂಟ್ಯೂಬ್ ಜಾಹೀರಾತು ತಡೆಯುವ ಆಸೆಯಿಂದ ಇದನ್ನು ಹಾಕಬೇಡಿ. ಪುಟದ ಒಳಗಿನ ಕೆಲಸಕ್ಕೆ ಫೈರ್‌ಫಾಕ್ಸಿನಲ್ಲಿ ಯುಬ್ಲಾಕ್ ಒರಿಜಿನ್ ಎಂಬ ಜಾಹೀರಾತು ತಡೆಯುವ ವಿಸ್ತರಣೆ ಇದಕ್ಕಿಂತ ಎಷ್ಟೋ ಸಮರ್ಥ. ನಾವು ಎರಡನ್ನೂ ಇಟ್ಟುಕೊಂಡಿದ್ದೇವೆ.

2020ರಲ್ಲಿ ಬಂದ 3.0.29ನೇ ಆವೃತ್ತಿಯಲ್ಲಿ ಎಚ್‌ಟಿಟಿಪಿಎಸ್ ಒಳಗನ್ನೂ ತಪಾಸಿಸುವ ಸೌಲಭ್ಯ ಸೇರಿತು. ಪ್ರಿವಾಕ್ಸಿಯ ಸ್ವಂತ ಪ್ರಮಾಣಪತ್ರವನ್ನು ಬ್ರೌಸರಿಗೆ ನಂಬಿಸಬೇಕು. ಆಮೇಲೆ ಅದು ಎಲ್ಲವನ್ನೂ ಬಿಚ್ಚಿ ಓದಿ, ಮತ್ತೆ ಮುಚ್ಚಿ ಕಳಿಸುತ್ತದೆ. ತಾಂತ್ರಿಕವಾಗಿ ಮೆಚ್ಚತಕ್ಕದ್ದೇ. ಆದರೆ ನಮ್ಮ ಮೇಜುಗಳ ಮೇಲೆ ಗ್ರಾಹಕರ ಪ್ಯಾನ್ ಸಂಖ್ಯೆ, ಬ್ಯಾಂಕ್ ಲಾಗಿನ್, ಆಧಾರ್ ಎಲ್ಲವೂ ಓಡಾಡುತ್ತವೆ. ಮೂಲೆಯಲ್ಲಿರುವ ಹಳೆಯ ಯಂತ್ರದೊಳಗೆ ಅವು ಒಂದು ಕ್ಷಣವಾದರೂ ಬಿಚ್ಚಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಆ ಸೌಲಭ್ಯವನ್ನು ನಾನು ಚಾಲೂ ಮಾಡಿಲ್ಲ.

ಯಾವ ಪ್ರಾಕ್ಸಿಯೇ ಆಗಲಿ, ಅದನ್ನು ನಡೆಸುವವನ ಕಣ್ಣಿನಿಂದ ನೀವು ತಪ್ಪಿಸಿಕೊಳ್ಳಲಾರಿರಿ. ಪ್ರಿವಾಕ್ಸಿಯ ಸಂರಚನಾ ಕಡತದಲ್ಲಿ ಡಿಬಗ್ ಎಂಬ ಒಂದು ಸಾಲನ್ನು ಬದಲಿಸಿದರೆ ಸಾಕು, ಕಚೇರಿಯ ಪ್ರತಿಯೊಬ್ಬರೂ ಯಾವ ತಾಣಕ್ಕೆ ಹೋದರು ಎಂಬುದು ಲಾಗ್ ಕಡತದಲ್ಲಿ ಸಾಲಾಗಿ ಬಂದು ಬೀಳುತ್ತದೆ. ಖಾಸಗಿತನದ ಹೆಸರಿನಲ್ಲಿ ತಂದದ್ದು ಯಜಮಾನನ ಗೂಢಚಾರನಾಗಲು ಅಷ್ಟೇ ದೂರ. ನಮ್ಮಲ್ಲಿ ತಡೆಯಲಾದ ಕೋರಿಕೆಗಳನ್ನು ಮಾತ್ರ, ತೊಂದರೆ ಹುಡುಕುವ ಹೊತ್ತಿಗೆ ಮಾತ್ರ ದಾಖಲಿಸುತ್ತೇವೆ. ಆ ಕಡತವನ್ನು ಸಿಬ್ಬಂದಿ ಯಾರು ಬೇಕಾದರೂ ತೆರೆದು ನೋಡಬಹುದು.

ನಿಮ್ಮ ಸಂಪರ್ಕವನ್ನು ತಮ್ಮ ಸರ್ವರಿನ ಮೂಲಕ ಸಾಗಿಸುವ ಉಚಿತ ವಿಪಿಎನ್ ಸೇವೆಗಳು ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಹೋಲಾ ಎಂಬ ಉಚಿತ ಸೇವೆ ತನ್ನ ಬಳಕೆದಾರರ ಸಂಪರ್ಕವನ್ನೇ ಬೇರೆಯವರಿಗೆ ಮಾರುತ್ತಿದ್ದುದು 2015ರಲ್ಲಿ ಬಯಲಾಯಿತು. ಫೇಸ್‌ಬುಕ್ ಒಡೆತನದ ಒನಾವೋ ರಕ್ಷಣೆಯ ಹೆಸರಿನಲ್ಲಿ ಜನರ ಆ್ಯಪ್ ಬಳಕೆಯ ಮಾಹಿತಿ ಕಲೆಹಾಕಿತು, 2019ರಲ್ಲಿ ಮುಚ್ಚಿತು. ಹಣ ಕೊಟ್ಟು ಪಡೆಯುವವುಗಳ ವಿಷಯಕ್ಕೆ ಬಂದರೆ, ವಿಪಿಎನ್ ಕಂಪನಿಗಳು ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕೆಂದು 2022ರಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಸೂಚನೆ ಹೊರಡಿಸಿದ ಮೇಲೆ ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್ ಮುಂತಾದವು ಭಾರತದಿಂದ ಸರ್ವರುಗಳನ್ನೇ ತೆಗೆದವು. ಪ್ರಿವಾಕ್ಸಿಯಲ್ಲಿ ಮೂರನೆಯ ಕಂಪನಿ ಎಂಬುದೇ ಇಲ್ಲ. ಅಂದಹಾಗೆ, ದುಬೈಯಲ್ಲಿರುವ ನನ್ನ ಭಾವ ರಜೆಗೆ ಬಂದಾಗಲೆಲ್ಲ "ಇದನ್ನು ಹಾಕಿಕೊಂಡರೆ ಅಲ್ಲಿಂದ ವಾಟ್ಸ್ಆ್ಯಪ್ ಕರೆ ಹೋಗುತ್ತದೆಯಾ?" ಎಂದು ಕೇಳುತ್ತಾರೆ. ಹೋಗುವುದಿಲ್ಲ ಭಾವ. ಕರಾವಳಿಯ ಪ್ರತಿ ಮನೆಯಲ್ಲೂ ಈ ಪ್ರಶ್ನೆ ಇರುವುದರಿಂದ ಇಲ್ಲಿಯೇ ಬರೆದುಬಿಟ್ಟೆ.

ವಿಳಾಸ ಮರೆಮಾಡಲೇಬೇಕೆಂದರೆ ಪ್ರಿವಾಕ್ಸಿಯನ್ನು ಟಾರ್‌ಗೆ, ಅಂದರೆ ಸಂಪರ್ಕವನ್ನು ಹಲವು ಸರ್ವರುಗಳ ಮೂಲಕ ಸುತ್ತಿಸಿ ಮೂಲ ವಿಳಾಸ ಮರೆಮಾಡುವ ಜಾಲಕ್ಕೆ, ಜೋಡಿಸಬಹುದು. ಸಂರಚನೆಯಲ್ಲಿ ಒಂದೇ ಸಾಲು, ಟಾರ್‌ನ 9050ನೇ ಪೋರ್ಟಿಗೆ ಕಳಿಸು ಎಂದು. ಕೆಲವು ಕಾಲ ಹಾಗೆ ಬಳಸಿದೆ. ನಿಧಾನ, ಜೊತೆಗೆ ಎಲ್ಲೆಂದರಲ್ಲಿ ಕ್ಯಾಪ್ಚಾ. ಸಾಮಾನ್ಯ ಬ್ರೌಸರ್ ತನ್ನ ಪರದೆಯ ಅಳತೆ, ಫಾಂಟುಗಳಿಂದಲೇ ಗುರುತು ಬಿಟ್ಟುಕೊಡುವುದರಿಂದ ಈ ಜೋಡಣೆ ಅರ್ಧ ಮರೆಯಷ್ಟೇ. ಆ ಅಗತ್ಯ ಇರುವವರು ನೇರವಾಗಿ ಟಾರ್ ಬ್ರೌಸರ್ ಬಳಸಲಿ.

ಇನ್ನು ಕಿರಿಕಿರಿಗಳು. ನನ್ನ ತಡೆಪಟ್ಟಿಯಲ್ಲಿದ್ದ ಯಾವುದೋ ಸರ್ವರ್ ಹೆಸರಿನ ಮೇಲೆ ಪಾವತಿ ಪುಟವೊಂದು ಅವಲಂಬಿಸಿದ್ದರೆ, ಹಣ ಕಟ್ಟುವ ಹೊತ್ತಿಗೆ ಪುಟ ಅರ್ಧಕ್ಕೆ ನಿಲ್ಲುತ್ತದೆ. ಎಚ್‌ಟಿಟಿಪಿಎಸ್ ಆದ್ದರಿಂದ ಪ್ರಿವಾಕ್ಸಿಯ ವಿವರಣೆಯ ಪುಟವೂ ಕಾಣಿಸದು. ಬ್ರೌಸರಿನ ಒಣ ದೋಷ ಸಂದೇಶ ಮಾತ್ರ. ಜುಲೈ ಕೊನೆಯ ವಾರ, ರಿಟರ್ನ್ ಸಲ್ಲಿಕೆಯ ಗಡಿಬಿಡಿಯಲ್ಲಿ ಇದು ಸಂಭವಿಸಿದಾಗ ನಮ್ಮ ಸಿಬ್ಬಂದಿ ನನ್ನ ತಂತ್ರಾಂಶವನ್ನು ಹೊಗಳುವುದಿಲ್ಲ. ಜೋರು ಮಳೆಗೆ ಕರೆಂಟು ಹೋಗಿ ಆ ಹಳೆಯ ಯಂತ್ರ ಆರಿದರೆ, ಲ್ಯಾಪ್‌ಟಾಪುಗಳಲ್ಲಿ ಬ್ಯಾಟರಿ ಇದ್ದರೂ ಒಂದು ಪುಟವೂ ತೆರೆಯದು. ಯುಪಿಎಸ್ ಇಲ್ಲದೆ ಈ ವ್ಯವಸ್ಥೆಗೆ ಕೈಹಾಕಬೇಡಿ. ಆಂಡ್ರಾಯ್ಡ್ ಫೋನಿನ ವೈಫೈಗೆ ಪ್ರಾಕ್ಸಿ ವಿಳಾಸ ಕೊಟ್ಟರೆ ಬ್ರೌಸರ್ ಪಾಲಿಸುತ್ತದೆ, ಅನೇಕ ಆ್ಯಪ್‌ಗಳು ಕ್ಯಾರೇ ಅನ್ನುವುದಿಲ್ಲ.

ಹಾಕಿಕೊಳ್ಳುವವರಿಗೆ ಒಂದು ಮಾತು: ತಂತ್ರಾಂಶದ ಜೊತೆ ಬರುವ ಡೀಫಾಲ್ಟ್ ಆ್ಯಕ್ಷನ್ ಕಡತವನ್ನು ತಿದ್ದಬೇಡಿ, ಹೊಸ ಆವೃತ್ತಿ ಬಂದಾಗ ಅದು ಅಳಿಸಿಹೋಗಬಹುದು. ನಿಮ್ಮ ನಿಯಮಗಳನ್ನು ಯೂಸರ್ ಆ್ಯಕ್ಷನ್ ಕಡತದಲ್ಲಿ ಬರೆಯಿರಿ. ತಾಣದ ಹೆಸರಿನ ಮುಂದೆ ಒಂದು ಚುಕ್ಕೆ ಇಟ್ಟರೆ ಅದರ ಉಪತಾಣಗಳೂ ಸೇರುತ್ತವೆ. ಬ್ಯಾಂಕ್ ಮತ್ತು ತೆರಿಗೆ ತಾಣಗಳಿಗೆ ವಿನಾಯಿತಿ ಕೊಡುವ ಸಾಲುಗಳನ್ನು ಜೂನ್ ಮುಗಿಯುವುದರೊಳಗೆ ಬರೆದಿಡಿ.