ಕ್ಯಾಂಪರ್ ವ್ಯಾನ್ ಹಿಂದೆ ಹಾಯಿದೋಣಿ: ಐದು ಬೇಸಿಗೆ ಎಳೆದ ಕಾಂಬಿ ಟ್ರೇಲರ್ ಬಗ್ಗೆ

ನಾವಿರುವುದು ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ. ಇಲ್ಲಿಂದ ಯಾವ ದಿಕ್ಕಿಗೆ ಹೋದರೂ ಸಮುದ್ರ ದೂರ. ಆದರೂ ಮನೆ ಮುಂದೆ ಒಂದು ಹಾಯಿದೋಣಿ ನಿಂತಿದೆ. ಜಿಪಿ14 ಅನ್ನುವ ಮಾದರಿ. ಜ್ಯಾಕ್ ಹೋಲ್ಟ್ 1949ರಲ್ಲಿ ರೂಪಿಸಿದ ದೋಣಿ, ಹಾಯಿಯ ಮೇಲೆ ಗಂಟೆಯ ಗುರುತು. ಚಿಕ್ಕವಳಿದ್ದಾಗ ಹಲಸೂರು ಕೆರೆಯಲ್ಲಿ ಎಂಇಜಿಯವರ (ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್) ಹಾಯಿದೋಣಿಗಳು ಹೋಗುವುದನ್ನು ರಸ್ತೆ ಬದಿಯಲ್ಲಿ ನಿಂತು ನೋಡುತ್ತಿದ್ದೆ. ಆ ಆಸೆ ತೀರಿದ್ದು ಇಲ್ಲಿಗೆ ಬಂದ ಮೇಲೆ.

2021ರ ಏಪ್ರಿಲ್‌ನಲ್ಲಿ ಇದಕ್ಕೆ ಅಂತ ಹೊಸ ಕಾಂಬಿ ಟ್ರೇಲರ್ ತೆಗೆದುಕೊಂಡೆವು. ಎಳೆಯುವುದು ನಮ್ಮ ಫೋಕ್ಸ್‌ವ್ಯಾಗನ್ ಟಿ5 ಕ್ಯಾಂಪರ್ ವ್ಯಾನ್, ಅಂದರೆ ಒಳಗೇ ಮಲಗಬಹುದಾದ ಗಾಡಿ. ಅದರ ಮಾಡು ಮೇಲಕ್ಕೆ ಏಳುವಂಥದ್ದು, ಹಾಗಾಗಿ ದೋಣಿಯಾಗಲಿ ಹಾಯಿ ಕಟ್ಟುವ ಕಂಬ (ಮಾಸ್ಟ್) ಆಗಲಿ ಅದರ ಮೇಲೆ ಹೇರುವ ಹಾಗಿಲ್ಲ. ಈಗ ಐದು ಬೇಸಿಗೆ ಮುಗಿದಿದೆ. ಕಾರಿನ ಹಿಂದೆ ದೋಣಿ ಕಟ್ಟುವುದು ಹೇಗೆ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ವ್ಯಾನ್ ಹಿಂದೆ ಕಟ್ಟುವುದು ಬೇರೆಯದೇ ಕತೆ, ಅದನ್ನು ನಾವು ಕಷ್ಟಪಟ್ಟೇ ಕಲಿಯಬೇಕಾಯಿತು.

ಮೊದಲು ಕಾಂಬಿ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ದೋಣಿ ಒಂದು ಹಗುರವಾದ ಟ್ರಾಲಿ ಮೇಲೆ ಕೂತಿರುತ್ತದೆ. ಆ ಟ್ರಾಲಿ ಸಮೇತ ದೋಣಿಯನ್ನು ರಸ್ತೆ ಟ್ರೇಲರ್ ಮೇಲೆ ತಳ್ಳಿ ಕಟ್ಟುತ್ತೇವೆ. ದಡಕ್ಕೆ ಹೋದ ಮೇಲೆ ಟ್ರಾಲಿ ಮಾತ್ರ ನೀರಿಗೆ ಇಳಿಯುತ್ತದೆ, ಟ್ರೇಲರ್ ಒಣಗಿದ ನೆಲದಲ್ಲೇ ಉಳಿಯುತ್ತದೆ. ಮೂರು ಗಂಟೆ ಓಡಿ ಬಿಸಿಯಾದ ಬೇರಿಂಗನ್ನು ತಣ್ಣೀರಿಗೆ ಇಳಿಸಿದರೆ ಅದು ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಉಪ್ಪುನೀರಾದರೆ ಬೇರಿಂಗ್ ಬೇಗ ಹೋಯಿತು ಅಂತಲೇ ಲೆಕ್ಕ. ಐದು ವರ್ಷದಲ್ಲಿ ನಾವು ಬೇರಿಂಗ್ ಬದಲಿಸಿದ್ದು ಒಂದೇ ಸಲ. ಈ ಒಂದು ಕಾರಣಕ್ಕೇ ಕಾಂಬಿ ತೆಗೆದುಕೊಳ್ಳಿ ಅಂತ ಧೈರ್ಯವಾಗಿ ಹೇಳುತ್ತೇನೆ.

ಈಗ ಕಂಬದ ವಿಷಯ. ದೋಣಿಯ ಉದ್ದ 4.27 ಮೀಟರ್, ಮಾಸ್ಟ್ ಆರು ಮೀಟರ್‌ಗೂ ಜಾಸ್ತಿ. ಹೆಚ್ಚಿನದ್ದು ಎಲ್ಲಾದರೂ ಚಾಚಲೇಬೇಕು, ಅಲ್ವಾ? ಕಾರಿನವರಿಗೆ ಇದು ಸುಲಭ. ಟ್ರೇಲರ್ ಮುಂದಿನ ಕವಲುಗೂಟದ ಮೇಲೆ ಕಂಬ ಇಟ್ಟರೆ ಅದರ ಬುಡ ಕಾರಿನ ಮಾಡಿನ ಮೇಲೆ ಹಾದುಹೋಗುತ್ತದೆ. ನಮ್ಮ ವ್ಯಾನ್ ಹೆಚ್ಚುಕಡಿಮೆ ಎರಡು ಮೀಟರ್ ಎತ್ತರ, ಹಿಂಬದಿ ಗೋಡೆಯ ಹಾಗೆ ನೆಟ್ಟಗೆ. ಕಂಬಕ್ಕೆ ಮುಂದೆ ಹೋಗಲು ಜಾಗವೇ ಇಲ್ಲ.

ಮೊದಲ ಬೇಸಿಗೆಯಲ್ಲಿ ಇದು ನಮಗೆ ಹೊಳೆಯಲಿಲ್ಲ. ಹಿಂಬಾಗಿಲಿಗೂ ಕಂಬದ ಬುಡಕ್ಕೂ ನಡುವೆ ಒಂದು ಗೇಣು ಬಿಟ್ಟು, ಸಾಕು ಅಂದುಕೊಂಡು ಹೊರಟೆವು. ನೆಟ್ಟಗಿನ ರಸ್ತೆಯಲ್ಲಿ ಏನೂ ಆಗಲಿಲ್ಲ. ವೇಲ್ಸ್‌ನ ಬಾಲಾ ಸರೋವರದ ಹತ್ತಿರ ಕ್ಯಾಂಪ್‌ಸೈಟಿನ ಗೇಟಿನೊಳಗೆ ಬಿಗಿಯಾಗಿ ತಿರುಗಿಸಿದಾಗ ಡಬ್ ಅಂತ ಸದ್ದು. ಇಳಿದು ನೋಡಿದರೆ ಹಿಂಬಾಗಿಲಿನ ಗಾಜಿನ ಕೆಳಗೆ ಹೆಬ್ಬೆರಳಿನಷ್ಟು ಗುಳಿ. ಗಾಜು ಉಳಿದಿದ್ದು ನಮ್ಮ ಪುಣ್ಯ.

ಅಲ್ಲಿಂದ ಒಂದು ನಿಯಮ ಮಾಡಿಕೊಂಡೆವು. ಕಂಬದ ಬುಡ ಹಿಚ್‌ನ (ವ್ಯಾನಿಗೆ ಟ್ರೇಲರ್ ಸೇರಿಸುವ ಕೊಂಡಿಯ) ಗುಂಡನ್ನು ದಾಟಿ ಮುಂದೆ ಬರಬಾರದು. ಟ್ರೇಲರ್ ತಿರುಗುವುದು ಆ ಗುಂಡಿನ ಸುತ್ತ. ಬುಡ ಅದರ ಹಿಂದೆಯೇ ಇದ್ದರೆ ಮಾಮೂಲಿ ತಿರುವಿನಲ್ಲಿ ವ್ಯಾನಿಗೆ ತಾಗುವುದಿಲ್ಲ. ಟ್ರೇಲರ್ ಜೊತೆ ಬಂದಿದ್ದ ಕವಲುಗೂಟವನ್ನು ಇದಕ್ಕಾಗಿ ಅರ್ಧ ಮೀಟರ್ ಹಿಂದಕ್ಕೆ ಸರಿಸಬೇಕಾಯಿತು. ಅದು ಯು-ಬೋಲ್ಟ್‌ನಲ್ಲಿ ನಿಲ್ಲುವ ಮಾದರಿಯಾಗಿದ್ದರಿಂದ ಒಂದು ಸ್ಪ್ಯಾನರ್‌ನಲ್ಲಿ ಕೆಲಸ ಆಯಿತು. ಬೆಸುಗೆ ಹಾಕಿದ ಗೂಟವಾದರೆ ಈ ಅನುಕೂಲ ಇಲ್ಲ. ವ್ಯಾನ್ ಇರುವವರು ಕೊಳ್ಳುವಾಗ ಮೊದಲು ನೋಡಬೇಕಾದ್ದು ಇದನ್ನೇ.

ಇಷ್ಟಾದರೂ ಹಿಂಬಾಗಿಲು ಮಾತ್ರ ತೆರೆಯುವುದಿಲ್ಲ. ಅದು ಮೇಲಕ್ಕೆ ಎದ್ದು ಹಿಂದಕ್ಕೆ ಬೀಸುವ ಬಾಗಿಲು, ಕಂಬಕ್ಕೆ ಬಡಿಯುತ್ತದೆ. ಹಾಗಾಗಿ ದಾರಿಯಲ್ಲಿ ಬೇಕಾಗುವ ಚಹಾ ಸಾಮಾನು, ಬುತ್ತಿ, ಮಳೆಕೋಟು ಎಲ್ಲ ಪಕ್ಕದ ಜಾರುಬಾಗಿಲಿಗೆ ಕೈಗೆಟುಕುವ ಕಡೆ ಇಡುತ್ತೇವೆ. ಹಿಂದುಗಡೆ ಟೆಂಟು, ಹಾಸಿಗೆ ಮಾತ್ರ.

ಮುಂದೆ ಉಳಿಸಿದ ಉದ್ದವೆಲ್ಲ ಹಿಂದೆ ಬಂತು. ಈಗ ತುದಿ ಟ್ರೇಲರ್ ದಾಟಿ ಒಂದೂವರೆ ಮೀಟರ್ ಚಾಚಿರುತ್ತದೆ. ಇಲ್ಲಿನ ಕಾನೂನಿನಂತೆ ಒಂದು ಮೀಟರ್ ದಾಟಿದರೆ ತುದಿ ಚೆನ್ನಾಗಿ ಕಾಣುವಂತೆ ಗುರುತು ಮಾಡಬೇಕು. ಎರಡು ಮೀಟರ್ ದಾಟಿದರೆ ಪಟ್ಟೆ ಬಳಿದ ಹಲಗೆ ಕಟ್ಟಬೇಕು. ನಮ್ಮೂರಲ್ಲಿ ಸರಳು ಹೊತ್ತ ಗಾಡಿಗೆ ಕೆಂಪು ಬಟ್ಟೆ ಕಟ್ಟುತ್ತಾರಲ್ಲ, ನಾನೂ ಅದನ್ನೇ ಮಾಡಿದೆ. ಜೊತೆಗೆ ಹೊಳೆಯುವ ಟೇಪ್ ಸುತ್ತಿದೆ.

ಗುರುತು ಹಾಕಿದರೆ ಹಿಂದಿನವರಿಗೆ ಕಾಣುತ್ತದೆ, ಓಡಿಸುವವರಿಗೆ ನೆನಪಿರಬೇಕಲ್ಲ! ವ್ಯಾನನ್ನು ಎಡಕ್ಕೆ ತಿರುಗಿಸಿದರೆ ಕಂಬದ ತುದಿ ಬಲಕ್ಕೆ ಬೀಸುತ್ತದೆ. ಎರಡನೇ ವರ್ಷ ಪೆಟ್ರೋಲ್ ಬಂಕಿನಿಂದ ಹೊರಗೆ ಬರುವಾಗ ಮಾಸ್ಟಿನ ತುದಿ ಹೀಗೇ ಬೀಸಿ ಬಂಕಿನ ಕಂಬಕ್ಕೆ ಉಜ್ಜಿತು. ತುದಿಯಲ್ಲಿದ್ದ ಗಾಳಿಸೂಚಿ ಮುರಿದುಹೋಯಿತು. ಈಗ ಅದನ್ನು ಮನೆಯಲ್ಲೇ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನಲ್ಲಿ ಇಡುತ್ತೇನೆ. ಪೆಟ್ರೋಲ್ ಬೇಕಾದರೆ ಅಂಚಿನ ಪಂಪಿಗೇ ಹೋಗುತ್ತೇವೆ, ತಡವಾದರೂ ಪರವಾಗಿಲ್ಲ.

ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ಕಂಬ ಹಿಂದಕ್ಕೆ ಸರಿದಾಗ ತೂಕವೂ ಹಿಂದಕ್ಕೆ ಸರಿಯಿತು. ಅದೇ ಸಲ ನಮ್ಮೆಜಮಾನ್ರು ಲಂಗರನ್ನೂ ಸಣ್ಣ ಎಂಜಿನ್ನನ್ನೂ ದೋಣಿಯ ಹಿಂಬದಿಗೆ ಹಾಕಿದ್ದರು. ಎಂ54 ಹೆದ್ದಾರಿಯಲ್ಲಿ ಗಂಟೆಗೆ 60 ಮೈಲಿಯಲ್ಲಿ ಹೋಗುತ್ತಿದ್ದೆವು. ಒಂದು ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋಯಿತು ನೋಡಿ, ಟ್ರೇಲರ್ ಹಾವಿನ ಹಾಗೆ ಹೊಯ್ದಾಡತೊಡಗಿತು. ಹಿಂದೆ ಕೂತಿದ್ದ ಮಗಳು “ಅಮ್ಮಾ, ದೋಣಿ ಆ ಕಡೆ ಈ ಕಡೆ ಹೋಗ್ತಿದೆ!” ಅಂತ ಕೂಗಿದಳು. ಬ್ರೇಕ್ ಒತ್ತಲಿಲ್ಲ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಸ್ಟೀರಿಂಗ್ ನೆಟ್ಟಗೆ ಹಿಡಿದೆ. ವೇಗ ಇಳಿದ ಹಾಗೆ ಅದೂ ಶಾಂತವಾಯಿತು. ನನ್ನ ಕೈ ನಡುಗುವುದು ನಿಲ್ಲಲು ಮಾತ್ರ ಬಹಳ ಹೊತ್ತು ಹಿಡಿಯಿತು.

ಆಮೇಲೆ ಬಚ್ಚಲುಮನೆಯ ತೂಕದ ಯಂತ್ರ ತಂದು, ಹಿಚ್‌ನ ಕೆಳಗೆ ಒಂದು ಮರದ ತುಂಡು ನಿಲ್ಲಿಸಿ ಅಳೆದೆವು. ಮೂಗಿನ ಭಾರ, ಅಂದರೆ ಟ್ರೇಲರ್‌ನ ಮುಂದಿನ ತುದಿ ಹಿಚ್ ಮೇಲೆ ಒತ್ತುವ ತೂಕ, ಬರೀ ಆರು ಕಿಲೋ! ಟ್ರೇಲರ್‌ನ ಒಟ್ಟು ತೂಕದ 5ರಿಂದ 7 ಶೇಕಡಾ ಮೂಗಿನ ಮೇಲೆ ಇರಬೇಕು ಅನ್ನುತ್ತಾರೆ. ನಮ್ಮದು ಎಲ್ಲ ಸೇರಿ 300 ಕಿಲೋ, ಅಂದರೆ 15ರಿಂದ 21 ಕಿಲೋ ಬೇಕು. ಎಂಜಿನ್, ಲಂಗರು ವ್ಯಾನಿನೊಳಗೆ ಬಂದವು. ದೋಣಿಯನ್ನು ಟ್ರೇಲರ್ ಮೇಲೆ ಸ್ವಲ್ಪ ಮುಂದಕ್ಕೆ ಎಳೆದು ಕಟ್ಟಿದೆವು. ಕಂಬದ ಬುಡವೇ ಭಾರ, ಅದು ಮುಂದಿರಬೇಕು, ತುದಿ ಹಿಂದಿರಬೇಕು. ಅಂದಿನಿಂದ ಒಮ್ಮೆಯೂ ಹೊಯ್ದಾಡಿಲ್ಲ. ನೀವು ಕಂಬ ಸರಿಸಿದರೆ ದಯವಿಟ್ಟು ತೂಕವನ್ನೂ ಮತ್ತೆ ಅಳೆಯಿರಿ.

ಕಟ್ಟುವ ವಿಚಾರ. ಜೊತೆಗೆ ಬಂದ ರ‍್ಯಾಚೆಟ್ ಪಟ್ಟಿಗಳನ್ನು ದೋಣಿಗೆ ಬಳಸಬೇಡಿ. ಅವುಗಳ ಬಿಗಿ ಕೈಗೆ ಗೊತ್ತಾಗುವುದಿಲ್ಲ, ದೋಣಿಯ ಅಂಚು ಅದುಮಿಹೋಗುತ್ತದೆ. ಕೈಯಲ್ಲಿ ಎಳೆದು ಬಿಗಿಯುವ ಕ್ಯಾಮ್ ಬಕಲ್ ಪಟ್ಟಿ ಸಾಕು. ಕಂಬಕ್ಕೆ ಎರಡೇ ಆಸರೆ ಇದ್ದರೆ ನಡುವೆ ಕುಣಿಯುತ್ತದೆ, ವೇಗದಲ್ಲಿ ಗುಂಯ್ ಅನ್ನುತ್ತದೆ. ಅದಕ್ಕೆ ದೋಣಿಯ ನಡುವೆ ಇನ್ನೊಂದು ಮರದ ಆಸರೆ ಮಾಡಿಸಿದೆವು. ತಂತಿ, ಹಗ್ಗಗಳನ್ನೆಲ್ಲ ಕಂಬಕ್ಕೆ ಒತ್ತಿ ಹಿಡಿದು ಮೊಳಕ್ಕೊಂದು ಕಡೆ ದಾರದಿಂದ ಕಟ್ಟುತ್ತೇನೆ. ಕಂಬ ದೋಣಿಗೆ ತಾಗುವ ಕಡೆ ಹಳೆ ಕಂಬಳಿಯ ತುಂಡು. ಶುಕ್ರವಾರ ಸಂಜೆ ಇದಕ್ಕೆ ಇಪ್ಪತ್ತು ನಿಮಿಷ ಬೇಕೇ ಬೇಕು. ಹತ್ತು ಮೈಲಿ ಹೋದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಪಟ್ಟಿಗಳನ್ನು ಮುಟ್ಟಿ ನೋಡುತ್ತೇನೆ. ಏನಾದರೊಂದು ಸಡಿಲ ಆಗಿಯೇ ಇರುತ್ತದೆ.

ದೀಪದ ಹಲಗೆ ಈ ಟ್ರೇಲರ್‌ನ ದುರ್ಬಲ ಭಾಗ. ಎರಡು ವರ್ಷಕ್ಕೆ ಬಲ್ಬಿನ ಹೋಲ್ಡರ್ ಹಸಿರು ಕಟ್ಟಿತು. ಎಲ್‌ಇಡಿ ಹಾಕಿದರೆ ಬಲ್ಬ್ ಹೋಗಿದೆ ಅಂತ ವ್ಯಾನ್ ಸುಮ್ನೆ ಎಚ್ಚರಿಸುತ್ತಿತ್ತು, ಅಂಗಡಿಯವರು ಒಂದು ರೆಸಿಸ್ಟರ್ ಸೇರಿಸಿ ಸರಿಮಾಡಿಕೊಟ್ಟರು. ಟೈರಿನ ಹೂವು ಸವೆದಿರಲಿಲ್ಲ, ಆದರೆ ನಾಲ್ಕನೇ ವರ್ಷ ಪಕ್ಕದಲ್ಲಿ ಬಿರುಕು ಕಂಡಿತು, ಬದಲಿಸಿದೆವು. ತುಕ್ಕು ಎಲ್ಲೂ ಇಲ್ಲ, ಗ್ಯಾಲ್ವನೈಸಿಂಗ್ ಒಳ್ಳೆಯದಿದೆ.

ದೋಣಿ ಇಳಿಸಿದ ಮೇಲೆ ಖಾಲಿ ಟ್ರೇಲರ್ ವ್ಯಾನಿನ ಕಿಟಕಿಯಿಂದ ಕಾಣುವುದೇ ಇಲ್ಲ. ರಿವರ್ಸ್ ತೆಗೆಯುವಾಗ ಅದು ಯಾವಾಗ ಮಡಚಿತು ಅಂತ ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತದೆ. ಎರಡು ಮೂಲೆಗೂ ಒಂದೊಂದು ಬಿದಿರುಕೋಲು ನಿಲ್ಲಿಸಿದ್ದೇವೆ, ತುದಿಗೆ ಹಳದಿ ಟೆನಿಸ್ ಚೆಂಡು. ಅಷ್ಟು ಸಾಕು. ಜಾಗ ತೀರಾ ಚಿಕ್ಕದಾದರೆ ಬಿಚ್ಚಿ ಕೈಯಲ್ಲೇ ತಳ್ಳುತ್ತೇವೆ.

ಐದಕ್ಕೆ ನಾಲ್ಕು ನಕ್ಷತ್ರ ಕೊಡುತ್ತೇನೆ. ಒಂದು ಕಡಿಮೆ ಆದದ್ದು ದೀಪಕ್ಕೆ ಮತ್ತು ಎಂಟಿಂಚಿನ ಚಕ್ರಗಳಿಗೆ. ಅಷ್ಟು ಚಿಕ್ಕ ಚಕ್ರ ದೂರದ ದಾರಿಯಲ್ಲಿ ಬಹಳ ಜೋರಾಗಿ ತಿರುಗಬೇಕಾಗುತ್ತದೆ, ಬೇಗ ಬಿಸಿಯಾಗುತ್ತದೆ. ನಿಂತಾಗಲೆಲ್ಲ ಚಕ್ರದ ನಡುವಿನ ಹಬ್ ಮೇಲೆ ಕೈಯಿಟ್ಟು ನೋಡುವುದು ನನಗೆ ಅಭ್ಯಾಸವೇ ಆಗಿದೆ. ಕೊಳ್ಳುವವರು ಹತ್ತಿಂಚಿನದನ್ನೇ ಕೇಳಿ. ಏಪ್ರಿಲ್‌ನಲ್ಲಿ ಮತ್ತೆ ಬಾಲಾಗೆ ಹೊರಡುವ ಮೊದಲು ನಾವೂ ಹಾಕಿಸುತ್ತಿದ್ದೇವೆ.