ಟಿವಿ, ಒಟಿಟಿ, ಇಂಟರ್ನೆಟ್ ಒಂದೇ ಬಿಲ್ಲಿನಲ್ಲಿ ಎಂದರೆ ಸಹಿ ಹಾಕುವ ಮುನ್ನ ಓದಿ

ಡಿಟಿಎಚ್ ಡೀಲರ್ ಮನೆಗೆ ಬಂದು, ಹಳೆಯ ಸೆಟ್‌ಟಾಪ್ ಬಾಕ್ಸ್ ಬದಲಿಸಿ ಟಿವಿ, ಒಟಿಟಿ (ಇಂಟರ್ನೆಟ್ಟಿನಲ್ಲಿ ಸಿನಿಮಾ, ಧಾರಾವಾಹಿ ತೋರಿಸುವ ಆ್ಯಪ್‌ಗಳು), ವೈರ್‌ಲೆಸ್ ಇಂಟರ್ನೆಟ್ ಮೂರನ್ನೂ ಒಂದೇ ಬಿಲ್ಲಿನಲ್ಲಿ ಕೊಡುತ್ತೇವೆ ಎಂದರೆ ಅವನಿಗೆ ಒಂದೇ ಪ್ರಶ್ನೆ ಕೇಳಿ: ನಾಳೆ ಇಂಟರ್ನೆಟ್ ಬೇಡವೆಂದರೆ ಈಗಿರುವ ಟಿವಿ ಸಂಪರ್ಕ ಹೀಗೆಯೇ ಉಳಿಯುತ್ತದೆಯೇ? ಉತ್ತರ ಲಿಖಿತವಾಗಿ ಸಿಗದಿದ್ದರೆ ಕಾಫಿ ಕೊಟ್ಟು ಕಳುಹಿಸಿಬಿಡಿ. ಕೊಪ್ಪ ತಾಲ್ಲೂಕಿನಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ಕಂಪನಿಯ ಹೆಸರು ಬರೆಯುವುದಿಲ್ಲ. ದೂರು ಇನ್ನೂ ನಡೆಯುತ್ತಿದೆ.

ಈ ಕಂಪನಿಗಳ ಆತುರಕ್ಕೆ ಕಾರಣವಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಲೆಕ್ಕದ ಪ್ರಕಾರ ಹಣ ಕೊಟ್ಟು ಡಿಟಿಎಚ್ ನೋಡುವ ಚಂದಾದಾರರು 2021ರ ಸುಮಾರಿಗೆ 7 ಕೋಟಿಯ ಹತ್ತಿರವಿದ್ದರು. 2025ರ ಹೊತ್ತಿಗೆ ಆ ಸಂಖ್ಯೆ 6 ಕೋಟಿಗಿಂತ ಕೆಳಗೆ ಇಳಿದಿತ್ತು. ಹುಡುಗರು ಮೊಬೈಲಿಗೆ ಹೋದರು, ತಿಂಗಳ ಬಾಡಿಗೆ ಬೇಡವೆಂದವರು ದೂರದರ್ಶನದ ಫ್ರೀ ಡಿಶ್‌ಗೆ ಹೋದರು. ಉಳಿದ ಗಿರಾಕಿಯನ್ನು ಎಷ್ಟು ಕಡೆಯಿಂದ ಕಟ್ಟಿಹಾಕಬಹುದೋ ಅಷ್ಟೂ ಕಡೆಯಿಂದ ಕಟ್ಟುವುದು ಈಗಿನ ವ್ಯಾಪಾರ. ಈ ದಾರಿಯಲ್ಲಿ ಬಹಳ ಮುಂದೆ ಹೋದದ್ದು ಅಮೆರಿಕದ ಡಿಶ್ ನೆಟ್‌ವರ್ಕ್ (ನಮ್ಮ ದೇಶದಲ್ಲಿ ಹೋಲುವ ಹೆಸರಿರುವ ಕಂಪನಿಯೇ ಬೇರೆ, ಅದೇ ಬೇರೆ). 2015ರಲ್ಲಿ ಅದು ಸ್ಲಿಂಗ್ ಟಿವಿ ಎಂಬ ಸ್ಟ್ರೀಮಿಂಗ್ ಸೇವೆ ತೆರೆಯಿತು, 2020ರಲ್ಲಿ ಬೂಸ್ಟ್ ಮೊಬೈಲ್ ಕೊಂಡು ದೇಶದ ನಾಲ್ಕನೆಯ ದೊಡ್ಡ ಮೊಬೈಲ್ ಕಂಪನಿಯಾಗುತ್ತೇನೆಂದು ಹೊರಟಿತು. 2025ರಲ್ಲಿ ಅದರ ಮಾತೃಸಂಸ್ಥೆ ಎಕೋಸ್ಟಾರ್ ತನ್ನ ತರಂಗಾಂತರದ (ಮೊಬೈಲ್ ಸಿಗ್ನಲ್ ಸಾಗುವ ರೇಡಿಯೊ ಅಲೆಗಳ) ದೊಡ್ಡ ಪಾಲನ್ನು ಅಲ್ಲಿನ ಮೊಬೈಲ್ ಕಂಪನಿ ಎಟಿ ಅಂಡ್ ಟಿಗೆ ಸುಮಾರು 2,300 ಕೋಟಿ ಡಾಲರಿಗೆ ಮಾರಲು ಒಪ್ಪಿಕೊಂಡಿತು. ಅಷ್ಟು ದೊಡ್ಡವರಿಗೇ ಕೈಗೂಡದ ಸಾಹಸವನ್ನು ನಮ್ಮ ಊರಿನ ಡೀಲರ್ ಸ್ಕೂಟರಿನಲ್ಲಿ ಹೊತ್ತುಕೊಂಡು ಬಂದಿದ್ದ.

ಮಲೆನಾಡಿನ ಮಳೆಯಲ್ಲಿ ಡಿಶ್ ಕೈಕೊಡುವುದು ಹೊಸದಲ್ಲ. ಡಿಟಿಎಚ್ ಸಿಗ್ನಲ್ ಬರುವ ಕೆಯು ಬ್ಯಾಂಡಿನ ಅಲೆಗಳನ್ನು ದಪ್ಪ ಮಳೆ ಹೀರಿಕೊಳ್ಳುತ್ತದೆ. ಪರದೆ ಕಪ್ಪಾಗುತ್ತದೆ, ಮಳೆ ಸ್ವಲ್ಪ ತೆಳುವಾದರೆ ಮತ್ತೆ ಬರುತ್ತದೆ. ಡೀಲರ್ ಹಿಡಿದದ್ದು ಇದೇ ಎಳೆಯನ್ನು. ಮಳೆಯಲ್ಲಿ ಡಿಶ್ ನಿಂತರೆ ಅದೇ ಚಾನೆಲ್ ಇಂಟರ್ನೆಟ್ಟಿನಲ್ಲಿ ಬರುತ್ತದೆ ಎಂದು ಮನೆಯವರನ್ನು ಒಪ್ಪಿಸಿದ. ಆದರೆ ಆ ಇಂಟರ್ನೆಟ್ ಬರುವುದು ಗುಡ್ಡದ ಆಚೆಗಿನ ಟವರಿನಿಂದ. ಮಳೆ ಜೋರಾದರೆ ಮರ ಬಿದ್ದು ಕರೆಂಟು ಹೋಗುತ್ತದೆ, ಕರೆಂಟು ಹೋಗಿ ಬಹಳ ಹೊತ್ತಾದರೆ ಟವರಿನ ಬ್ಯಾಟರಿ ಸೋಲುತ್ತದೆ. ಡಿಶ್ ನಿಲ್ಲುವ ದಿನವೇ ಇಂಟರ್ನೆಟ್ಟೂ ನಿಲ್ಲುತ್ತದೆ ಎಂಬುದು ಆ ಊರಿನ ಎಮ್ಮೆಗೂ ಗೊತ್ತು, ಕಂಪನಿಯ ಕರಪತ್ರಕ್ಕೆ ಮಾತ್ರ ಗೊತ್ತಿಲ್ಲ. ಮೇಲಾಗಿ 5ಜಿ ಎಂದು ಹಾಕಿಹೋದ ರಿಸೀವರ್ ಹೆಚ್ಚಿನ ಹೊತ್ತು ಹಿಡಿದದ್ದು 4ಜಿಯನ್ನೇ. ತಂತ್ರಜ್ಞ ಸಿಗ್ನಲ್ ಅಳೆದದ್ದು ಗೇಟಿನ ಬಳಿ, ಕಂಬ ನಿಲ್ಲಿಸಿದ್ದು ಹಿತ್ತಲಿನಲ್ಲಿ.

ಒಟಿಟಿಯ ಕಥೆ ಚಿಕ್ಕದು. ಪಟ್ಟಿಯಲ್ಲಿದ್ದ ಹಲವು ಆ್ಯಪ್‌ಗಳಲ್ಲಿ ಅಕ್ಕ ನೋಡುವ ಕನ್ನಡ ಧಾರಾವಾಹಿ ಇದ್ದ ಆ್ಯಪ್ ಮೊಬೈಲಿನಲ್ಲಿ ಮಾತ್ರ ತೆರೆಯುತ್ತಿತ್ತು, ಟಿವಿಯಲ್ಲಿ ನೋಡಲು ಬೇರೆ ಚಂದಾ ಬೇಕಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಇಂಟರ್ನೆಟ್ ಇನ್ನು ಬೇಡ ಎಂದು ಭಾವ ಫೋನ್ ಮಾಡಿದ ಮೇಲೆ. ಡಿಟಿಎಚ್‌ನವರು, ಇಂಟರ್ನೆಟ್ ನಮ್ಮ ಜೊತೆಗಾರ ಕಂಪನಿಯದು, ಅವರನ್ನೇ ಕೇಳಿ ಎಂದರು. ಜೊತೆಗಾರರು, ನಿಮ್ಮದು ಕಾಂಬೊ, ಡಿಟಿಎಚ್‌ನವರೇ ನಿಲ್ಲಿಸಬೇಕು ಎಂದರು. ಹೀಗೆ ಓಡಾಡಿಸಿ ಕೊನೆಗೆ ಇಂಟರ್ನೆಟ್ ನಿಲ್ಲಿಸಿದರು, ಜೊತೆಯಲ್ಲಿ ಟಿವಿಯನ್ನೂ ನಿಲ್ಲಿಸಿದರು. ಏಕೆಂದರೆ ಕಾಂಬೊ ಮಾಡುವಾಗ ವರ್ಷಗಳಿಂದ ಇದ್ದ ಡಿಟಿಎಚ್ ಖಾತೆಯನ್ನು ಮುಚ್ಚಿ ಹೊಸ ಖಾತೆಗೆ ಸೇರಿಸಿದ್ದರು. ಹಳೆಯ ಖಾತೆಯಲ್ಲಿ ಉಳಿದಿದ್ದ ರೀಚಾರ್ಜ್ ಹಣ ಎಲ್ಲಿ ಹೋಯಿತೆಂದು ಯಾರಿಗೂ ಹೇಳಲು ಬರಲಿಲ್ಲ. ಟಿವಿ ಬೇಕಿದ್ದರೆ ಹೊಸ ಸಂಪರ್ಕ ತೆಗೆದುಕೊಳ್ಳಿ ಎಂಬ ಸಲಹೆ ಬಂತು. ಇಷ್ಟಾದರೂ ಯುಪಿಐ ಆಟೋಪೇ ಮೂಲಕ ಹಣ ಕಡಿತವಾಗುತ್ತಲೇ ಇತ್ತು! ಕಡಿತಕ್ಕೆ ಮೊದಲು ಬರುವ ಸಂದೇಶದಲ್ಲಿ ಡಿಟಿಎಚ್ ಕಂಪನಿಯ ಹೆಸರೇ ಇರಲಿಲ್ಲ, ಯಾವುದೋ ಪಾವತಿ ಸಂಸ್ಥೆಯ ಹೆಸರಿತ್ತು. ಭಾವ ಅದನ್ನು ಜಾಹೀರಾತು ಎಂದುಕೊಂಡಿದ್ದರೆ ತಪ್ಪು ಅವರದ್ದಲ್ಲ.

ಈ ಮೂರು ಸೇವೆಗಳಿಗೆ ಬಿಲ್ ಒಂದೇ ಆದರೂ ಕಾಯಿದೆ ಒಂದಲ್ಲ. ಡಿಟಿಎಚ್ ಚಾನೆಲ್‌ಗಳಿಗೆ ಟ್ರಾಯ್ ದರ ಆದೇಶವಿದೆ. 2019ರಿಂದ ಬೇಕಾದ ಚಾನೆಲನ್ನು ಬಿಡಿಯಾಗಿ ಆರಿಸಿಕೊಳ್ಳುವ ಹಕ್ಕು ನಮಗಿದೆ. ಇಂಟರ್ನೆಟ್ಟಿಗೆ ದೂರಸಂಪರ್ಕದ ನಿಯಮಗಳು ಅನ್ವಯಿಸುತ್ತವೆ. ಒಟಿಟಿ ಚಂದಾಕ್ಕೆ ಟ್ರಾಯ್ ದರ ಆದೇಶ ಅನ್ವಯಿಸುವುದೇ ಇಲ್ಲ. ಆದ್ದರಿಂದ ಬಿಲ್ಲಿನಲ್ಲಿ ಮೂರಕ್ಕೂ ಬೇರೆ ಬೇರೆ ಮೊತ್ತ ಕಾಣಬೇಕು. ಅಕ್ಕನ ಮನೆಯ ಬಿಲ್ಲಿನಲ್ಲಿದ್ದದ್ದು ಒಂದೇ ಸಾಲು, ಒಂದೇ ಮೊತ್ತ. ಇಂಟರ್ನೆಟ್ ಸತ್ತಿದ್ದ ದಿನಗಳಿಗೆ ಎಷ್ಟು ಕಳೆಯಬೇಕೆಂದು ವಾದಿಸಲೂ ಅದರಲ್ಲಿ ಹಿಡಿ ಸಿಗಲಿಲ್ಲ.

ಈಗಾಗಲೇ ಇದರಲ್ಲಿ ಸಿಕ್ಕಿಕೊಂಡಿದ್ದರೆ ಮೊದಲು ಆಟೋಪೇ ರದ್ದು ಮಾಡಿ. ಅದಕ್ಕೆ ಕಂಪನಿಯ ಒಪ್ಪಿಗೆ ಬೇಕಿಲ್ಲ, ನಿಮ್ಮ ಯುಪಿಐ ಆ್ಯಪಿನಲ್ಲೇ ಆಗುತ್ತದೆ. ಆಮೇಲೆ ಫೋನ್ ಬಿಟ್ಟು ಇಮೇಲ್ ಹಿಡಿಯಿರಿ: ಡಿಟಿಎಚ್ ಭಾಗಕ್ಕೆ ಕಂಪನಿಯಲ್ಲಿ ದೂರು ನೋಡಿಕೊಳ್ಳುವ ನೋಡಲ್ ಅಧಿಕಾರಿ, ಇಂಟರ್ನೆಟ್ ಭಾಗಕ್ಕೆ ಆ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಟ್ರಾಯ್‌ಗೆ ನೇರವಾಗಿ ಬರೆದು ಕಾಯಬೇಡಿ, ಒಬ್ಬೊಬ್ಬರ ದೂರನ್ನು ಅದು ತಾನೇ ಇತ್ಯರ್ಥ ಮಾಡುವುದಿಲ್ಲ. ನಮಗೆ ಕೆಲಸಕ್ಕೆ ಬಂದದ್ದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿ ದೂರು ದಾಖಲಾದ ಮೇಲೆ, ಅಷ್ಟು ದಿನ ಒಬ್ಬರನ್ನೊಬ್ಬರು ತೋರಿಸುತ್ತಿದ್ದವರು ತಾವಾಗಿಯೇ ಫೋನ್ ಮಾಡಿದರು, ಕಡಿತವಾದ ಹಣದಲ್ಲಿ ಒಂದಷ್ಟು ಮರಳಿ ಬಂತು. ಹಳೆಯ ಖಾತೆಯ ಹಣಕ್ಕೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕೆಂದಿದ್ದೇವೆ. ಕೊಟ್ಟ ಹಣ 5 ಲಕ್ಷ ರೂಪಾಯಿಯ ಒಳಗಿದ್ದರೆ ಅಲ್ಲಿ ಶುಲ್ಕವಿಲ್ಲ.

ಇನ್ನೊಂದು ಮಾತು. ಬಾಕ್ಸ್, ರಿಸೀವರ್ ಕಂಪನಿಯ ಸ್ವತ್ತಾಗಿದ್ದರೆ, ಹಿಂದಿರುಗಿಸದಿದ್ದಾಗ ಅದಕ್ಕೂ ಹಣ ಕೇಳಬಹುದು. ಒಯ್ಯಲು ಬಂದವರಿಂದ ಸೀರಿಯಲ್ ಸಂಖ್ಯೆ ಬರೆದ ರಸೀದಿ ಪಡೆಯಿರಿ. ಅಕ್ಕನ ಮನೆಗೆ ಬಂದ ಹುಡುಗ ರಸೀದಿ ಪುಸ್ತಕ ಮುಗಿದಿದೆ, ಆಮೇಲೆ ವಾಟ್ಸ್ಆ್ಯಪ್ ಮಾಡುತ್ತೇನೆ ಎಂದ. ಪುಸ್ತಕ ತಂದ ಮೇಲೆ ಬಾಕ್ಸ್ ಒಯ್ಯಿ ಎಂದು ಭಾವ ಅವನನ್ನು ಹಾಗೆಯೇ ವಾಪಸು ಕಳುಹಿಸಿದರು.